ಬಾಂದ್ರಾದ ಅಜ್ಜಿ

ನನಗೆ ಇನ್ನೊಬ್ಬ ಅಜ್ಜಿಯ ಮೇಲೆ ಹೊಟ್ಟೆಕಿಚ್ಚು. ನಿಮ್ಮ ಹತ್ತಿರವಲ್ಲದೆ ಬೇರೆ ಯಾರ ಹತ್ತಿರ ಹೇಳಲಿ? ಆಕೆ ನನ್ನ ಬೀಗಿತ್ತಿಯಾಗಿದ್ದರೆ ಜನ ಅರ್ಥ ಮಾಡಿಕೊಳ್ಳುತ್ತಿದ್ದರು. ಆಕೆ ನಾಟಕದವಳು.

ಬಾಂದ್ರಾದಲ್ಲಿ ಮಕ್ಕಳಿಗೆಂದೇ ನಾಟಕ ಆಡುವ ತಂಡವೊಂದಿದೆ. ಮೊಮ್ಮಗಳು ದಿಯಾಳನ್ನು ವಡಾಲದಿಂದ ಲೋಕಲ್ ರೈಲು ಹತ್ತಿಸಿ ಕರೆದೊಯ್ದವಳು ನಾನೇ, ಯಾರನ್ನು ದೂರಲಿ? ಹಿಂದಿ ನಾಟಕ. ಅದರಲ್ಲೊಬ್ಬ ಅಜ್ಜಿ, ಹಿಂದಿಯಲ್ಲಿ ದಾದಿ: ಗೂನುಬೆನ್ನು, ಬಿಳಿಕೂದಲು, ಕೈಯಲ್ಲಿ ಕೋಲು. ಅವಳು ಒಮ್ಮೆ ಕೆಮ್ಮಿದರೆ ಜಮಖಾನದ ಮೇಲೆ ಕೂತ ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವು. ನಾನು ದಿನವೂ ಕೆಮ್ಮುತ್ತೇನೆ, ಮನೆಯಲ್ಲಿ ಯಾರೂ ಟಿವಿಯಿಂದ ಕಣ್ಣು ಕೀಳುವುದಿಲ್ಲ.

ಗಾಡಿ ತಪ್ಪೀತೆಂದು ನಾಟಕ ಮುಗಿದದ್ದೇ ಓಡಿ ಬಂದೆವು. ಊಟಕ್ಕೆ ಕೂತಾಗ ಎಂದಿನಂತೆ ಕಥೆ ಶುರುಮಾಡಿದೆ. ದಿಯಾ ತಡೆದಳು. "ಅಜ್ಜಿ, ನಿಂಗೆ ಅಜ್ಜಿ ಮಾಡ್ಲಿಕ್ಕೆ ಬರುದಿಲ್ಲ. ಆ ದಾದಿ ಏಕ್‌ದಮ್ ರಿಯಲ್."

ಅವಳದ್ದೂ ಸುಳ್ಳಲ್ಲ ಅನ್ನಿ. ನನ್ನ ಕೂದಲಿಗೆ ಬಣ್ಣ, ಕಾಲಿಗೆ ವಾಕಿಂಗ್ ಶೂ. ಮರುದಿನವೇ ಡೈ ಬಿಟ್ಟೆ, ಕನ್ನಡಕವನ್ನು ಮೂಗಿನ ತುದಿಗಿಳಿಸಿದೆ, ಬಾಗಿ ನಡೆಯತೊಡಗಿದೆ. ಮಗ ಗಾಬರಿಯಾಗಿ, "ಅಮ್ಮ, ಸೊಂಟ ಹಿಡಿದಿದೆಯಾ?" ಎಂದ. ದಿಯಾ ತಿರುಗಿಯೂ ನೋಡಲಿಲ್ಲ. ಅವಳಿಗೆ ಆ ದಾದಿಯೇ ಇನ್ನೊಮ್ಮೆ ಬೇಕಿತ್ತು.

ತಿಂಗಳು ಕಳೆದ ಮೇಲೆ ಹೊಟ್ಟೆ ಉರಿದುಕೊಂಡೇ ಅವಳನ್ನು ಕರೆದುಕೊಂಡು ಹೋದೆ. ಈ ಸಲ ಕೊನೆಯವರೆಗೂ ಕೂತೆವು. ನಮ್ಮೂರ ಯಕ್ಷಗಾನದಲ್ಲಿ ವೇಷ ಕಳಚುವುದು ಬಣ್ಣ ಹಚ್ಚುವ ಚೌಕಿಯೊಳಗೆ; ರಕ್ಕಸನ ಹೆದರಿಕೆಯನ್ನು ನಾವು ಮಕ್ಕಳು ಹಾಸಿಗೆಯವರೆಗೂ ಹೊತ್ತುಕೊಂಡು ಹೋಗುತ್ತಿದ್ದೆವು. ಈ ತಂಡದ ಕ್ರಮವೇ ಬೇರೆ. ಯಾವ ಮಗುವೂ ಹೆದರಿಕೊಂಡು ಮನೆಗೆ ಹೋಗಬಾರದೆಂದು ನಟರು ಮಕ್ಕಳ ಎದುರೇ ಕೂತು ವೇಷ ತೆಗೆಯುತ್ತಾರೆ. ದಾದಿ ಒದ್ದೆಬಟ್ಟೆಯಿಂದ ಕೆನ್ನೆಯ ಸುಕ್ಕು ಒರೆಸಿದಳು, ಬಿಳಿಕೂದಲು ಕಿತ್ತಿಟ್ಟಳು, ಬೆನ್ನಿಂದ ಪುಟ್ಟ ದಿಂಬೊಂದನ್ನು ಎಳೆದು ನೆಟ್ಟಗೆ ನಿಂತಳು. ಕಾಲೇಜಿಗೆ ಹೋಗುವ ಹುಡುಗಿ.

ದಿಯಾ ಎದ್ದು ಅವಳ ಹತ್ತಿರ ಹೋದಳು. ಆ ಒದ್ದೆಬಟ್ಟೆಯನ್ನೇ ಇಸಿದುಕೊಂಡು ಬಂದು ನನ್ನ ಬೈತಲೆಯ ಬಿಳುಪನ್ನು ತಿಕ್ಕಿದಳು. ಬಟ್ಟೆ ನೋಡಿದಳು. ಇನ್ನೂ ಜೋರಾಗಿ ತಿಕ್ಕಿದಳು. ಆಮೇಲೆ ಆ ಹುಡುಗಿಯತ್ತ ತಿರುಗಿ, ನನ್ನನ್ನು ತೋರಿಸಿ ಹೇಳಿದಳು: "ಯೇ ಅಸಲೀ ಹೈ."

ಗಾಡಿಯಲ್ಲಿ ನನ್ನ ತೊಡೆಯೇರಿ ಕೂತು ಕಥೆ ಕೇಳಿದಳು. ನಾನು ಗೆದ್ದೆ ಎಂದೇ ಬೀಗಿದೆ. ವಡಾಲದಲ್ಲಿ ಇಳಿದು ಸೇತುವೆಯ ಮೆಟ್ಟಿಲು ಹತ್ತುವಾಗ, ಆ ಹುಡುಗಿ ದಿಂಬು ಎಳೆದು ನೆಟ್ಟಗಾದದ್ದು ನೆನಪಾಯಿತು. ಇನ್ನು ನಟನೆ ಯಾಕೆಂದು ನಾನೂ ನೆಟ್ಟಗಾಗಲು ನೋಡಿದೆ. ಸೊಂಟ ಅರ್ಧಕ್ಕೇ ನಿಂತಿತು. ಹೊಟ್ಟೆ ಮತ್ತೆ ಉರಿಯಿತು.