ಮೊದಲ ಸಹಿ

ಆ ಕಾಲೊನಿಯಲ್ಲಿ ಜಗಳವೆಂಬುದೇ ಇರಲಿಲ್ಲ. ನಲವತ್ತು ಮನೆ, ನಲವತ್ತಕ್ಕೂ ಒಂದೇ ಬಣ್ಣದ ಗೇಟು. ಯಾರದಾದರೂ ನಡತೆ ಹಿಡಿಸದಿದ್ದರೆ ಬಾಯಿ ಮಾಡುವ ಪದ್ಧತಿಯಿಲ್ಲ. ಸಂಘದಿಂದ ಒಂದು ವಿನಂತಿಪತ್ರ ಹೊರಟು, ಮನೆಮನೆ ಸುತ್ತಿ ನಲವತ್ತು ಸಹಿ ಹೊತ್ತು ಬರುತ್ತಿತ್ತು. ಯಾರ ಮೇಲೆ ಪತ್ರವೋ ಅವರದೂ ಸೇರಿ. ತಪ್ಪು ಮಾಡಿದವರೇ ಒಪ್ಪಿ ಸಹಿ ಹಾಕಿದ ಮೇಲೆ ಮನಸ್ತಾಪ ಎಲ್ಲಿಂದ ಬರಬೇಕು ಎಂದು ಅಧ್ಯಕ್ಷರು ಎದೆಯುಬ್ಬಿಸಿ ಹೇಳುತ್ತಿದ್ದರು. ಈ ಪತ್ರಗಳ ಪುಣ್ಯದಿಂದ ಒಂದು ನಾಯಿ ಊರು ಬಿಟ್ಟಿತ್ತು, ಒಂದು ಹಳದಿ ಗೇಟು ಬೂದಿ ಬಣ್ಣಕ್ಕೆ ತಿರುಗಿತ್ತು.

ಪತ್ರ ಹೊರುವ ಕೆಲಸ ಪೋಸ್ಟಣ್ಣನದು. ಮೂವತ್ತನಾಲ್ಕು ವರ್ಷ ಅಂಚೆ ಹಂಚಿ ನಿವೃತ್ತನಾದವನು, ಕಾಲು ಸುಮ್ಮನಿರುತ್ತಿರಲಿಲ್ಲ. ಹದಿನೇಳನೆಯ ಮನೆ ಅವನದು, ಅದರ ಗೋಡೆಗೆ ತಾಗಿಕೊಂಡ ಹದಿನೆಂಟನೆಯದು ಅವನ ಅಕ್ಕನದು. ಅಕ್ಕ ಟೀಚರಾಗಿದ್ದವಳು. ತಾಯಿಯಿಲ್ಲದ ತಮ್ಮನಿಗೆ ಅಕ್ಷರ ತಿದ್ದಿಸಿದವಳೂ ಅವಳೇ, ಅಂಚೆ ಕೆಲಸದ ಅರ್ಜಿ ತುಂಬಿಸಿದವಳೂ ಅವಳೇ.

ಅರವತ್ತೆಂಟನೆಯ ವಯಸ್ಸಿಗೆ ಅಕ್ಕನಿಗೆ ಮರಗೆಲಸದ ಹುಚ್ಚು ಹಿಡಿಯಿತು. ಮುದಿ ಬಡಗಿಯೊಬ್ಬನ ಹತ್ತಿರ ಆರು ತಿಂಗಳು ಕಲಿತು ಬಂದು, ಕಾರಿಲ್ಲದ ಶೆಡ್ಡಿನಲ್ಲಿ ಗರಗಸ, ಉಳಿ, ಸುತ್ತಿಗೆ ಜೋಡಿಸಿಕೊಂಡಳು. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಪರಪರ, ಟಕಟಕ. ಮೊದಲ ಸ್ಟೂಲಿನ ಮೂರು ಕಾಲು ನೆಲದ ಮೇಲಿದ್ದವು, ನಾಲ್ಕನೆಯದು ಗಾಳಿಯಲ್ಲಿತ್ತು. "ಕೂತು ನೋಡೋ" ಎಂದು ತಮ್ಮನನ್ನೇ ಕೂರಿಸಿ, ಅವನು ವಾಲಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ತಿಂಗಳೊಳಗೆ ಪತ್ರ ತಯಾರಾಯಿತು.

"ಮೊದಲ ಸಹಿ ನಿಮ್ದೇ ಆಗ್ಲಿ ಪೋಸ್ಟಣ್ಣ" ಎಂದರು ಅಧ್ಯಕ್ಷರು. "ಸ್ವಂತ ತಮ್ಮನೇ ಹಾಕಿದ ಮೇಲೆ ಬೇರೆಯವ್ರಿಗೆ ಮುಜುಗರ ಇರಲ್ಲ."

ತನಗೆ ಆ ಸದ್ದಿನಿಂದ ತೊಂದರೆಯೇ ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ಎಲ್ಲರ ನಡುವೆ ತಾನೊಬ್ಬ ಬೇರೆಯಾಗಿ ನಿಲ್ಲುವುದೆಂದರೆ ಪೋಸ್ಟಣ್ಣನಿಗೆ ಕೈಕಾಲು ತಣ್ಣಗಾಗುತ್ತಿತ್ತು. ಹಾಕಿಬಿಟ್ಟ. ಮನೆಮನೆಗೂ ಹೋದ. ಅಕ್ಕನ ಗೇಟನ್ನು ಮಾತ್ರ ತಲೆ ತಗ್ಗಿಸಿ ದಾಟಿ, ಮೂವತ್ತೊಂಬತ್ತು ಸಹಿಯ ಪತ್ರವನ್ನು ಅಧ್ಯಕ್ಷರ ಕೈಗಿತ್ತು, ತಲೆನೋವೆಂದು ಮನೆ ಸೇರಿದ. ಉಳಿದೊಂದು ಸಹಿಯನ್ನು ಅವರೇ ಹೋಗಿ ತಂದರು.

ಎರಡೇ ದಿನದಲ್ಲಿ ಶೆಡ್ಡಿನ ಸದ್ದಡಗಿತು. ಉಳಿ, ಗರಗಸ ಗುಜರಿಯವನ ಗಾಡಿ ಹತ್ತಿದವು. ಅಕ್ಕ ಏನೂ ಕೇಳಲಿಲ್ಲ. ಎದುರಾದಾಗ ಮೊದಲಿನಂತೆಯೇ "ಊಟ ಆಯ್ತೇನೋ" ಎನ್ನುತ್ತಿದ್ದಳು. ಅವಳು ಬೈದಿದ್ದರೂ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಹತ್ತು ಗಂಟೆಯಾದರೆ ಗೋಡೆಗೆ ಕಿವಿ ಕೊಟ್ಟು ಕೂರುತ್ತಿದ್ದ. ಪಾಪ ಮಾಡಿದೆ ಎಂದು ತನಗೆ ತಾನೇ ಹೇಳಿಕೊಂಡು ಸುಮ್ಮನಾಗುತ್ತಿದ್ದ. ದೇವರು ಅವನಿಗೆ ಕೊಟ್ಟ ಧೈರ್ಯ ಅಷ್ಟೇ.

ಒಂದು ದಿನ ಎದುರುಮನೆಯ ಅಜ್ಜಿ, "ಆ ಟಕಟಕ ಶುರುವಾದ್ರೆ ನನ್ನ ಮಾತ್ರೆ ಹೊತ್ತು ಅಂತ ಗೊತ್ತಾಗ್ತಿತ್ತು ಕಣಪ್ಪ. ಈಗ ಬೆಳಿಗ್ಗೆಯೆಲ್ಲ ಬಿಕೋ ಅನ್ನುತ್ತೆ" ಎಂದಳು.

"ಮತ್ತೆ ಸಹಿ ಯಾಕೆ ಹಾಕಿದ್ರಿ ಅಜ್ಜಿ?"

"ಒಡಹುಟ್ಟಿದವನು ನೀನೇ ಹಾಕಿದ್ದೆ. ಬೇಡ ಅನ್ನೋಕೆ ನಾನ್ಯಾರು?"

ಮೂಲೆಮನೆಯ ದರ್ಜಿಯೂ ಅದನ್ನೇ ಹೇಳಿದ. ಮೂರನೆಯವರನ್ನು ಕೇಳುವ ಧೈರ್ಯ ಪೋಸ್ಟಣ್ಣನಿಗೆ ಬರಲಿಲ್ಲ.

ಆ ಸಂಜೆ ತಡೆಯಲಾರದೆ ಅಕ್ಕನ ಮನೆಗೆ ಹೋದ. ಅವಳು ಅಡುಗೆಮನೆಯಲ್ಲಿ ಬೀನ್ಸ್ ನಾರು ತೆಗೆಯುತ್ತಿದ್ದಳು. ಬಾಗಿಲಲ್ಲೇ ನಿಂತು ಎಲ್ಲ ಒದರಿದ. "ಯಾರಿಗೂ ತೊಂದರೆ ಇರ್ಲಿಲ್ವಂತೆ ಅಕ್ಕಾ. ನಾನು ಹಾಕಿದೆ ಅಂತ ಅವ್ರೂ ಹಾಕಿದ್ರು. ಎಲ್ಲಾ ನನ್ನಿಂದಾನೇ ಆಗಿದ್ದು. ಹೊಸ ಉಳಿ, ಗರಗಸ ನಾನೇ ತಂದ್ಕೊಡ್ತೀನಿ, ಮತ್ತೆ ಶುರು ಮಾಡು."

"ನಾನೂ ಹಾಕಿದೀನಲ್ಲೋ."

"ನೀನ್ಯಾಕೆ ಹಾಕಿದೆ? ಆಗಲ್ಲ ಅನ್ನಬಾರದಿತ್ತಾ?"

"ಆಗಲ್ಲ ಅನ್ನೋಕೇ ಕೂತಿದ್ದೆ. ಆಗ ಮೇಲ್ಗಡೆ ನಿನ್ನ ಸಹಿ ಕಾಣಿಸ್ತು. ಮಿಕ್ಕವರದ್ದು ನಾನು ಓದ್ಲೇ ಇಲ್ಲ. ಗೋಡೆ ಪಕ್ಕದಲ್ಲೇ ಇದ್ಕೊಂಡು ಇಷ್ಟು ದಿನ ಪಾಪ ಹೇಗೆ ಸಹಿಸ್ಕೊಂಡ್ನೋ, ಅಕ್ಕ ಅಂತ ಬಾಯಿಬಿಟ್ಟು ಹೇಳಲೂ ಇಲ್ವಲ್ಲ ಅಂತ ಹೊಟ್ಟೆ ಚುರ್ ಅಂತು ಕಣೋ. ಹಾಕಿದೆ."

ಪೋಸ್ಟಣ್ಣ ಹೊಸ್ತಿಲು ದಾಟಿ ಒಳಗೆ ಬಂದ. "ನಂಗೆ ಆ ಸದ್ದು ಇಷ್ಟ ಇತ್ತಕ್ಕಾ" ಎಂದ.

ಅಕ್ಕ ಎದ್ದು ಬಂದು, ಚಿಕ್ಕವನಿದ್ದಾಗ ಮಾಡುತ್ತಿದ್ದಂತೆ ಅವನ ತಲೆ ಸವರಿದಳು.

"ಇರ್ಲಿ ಬಿಡೋ" ಎಂದಳು. "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ."