ಬಾನೆಟ್ ಮುಚ್ಚಿದರೆ ಮಾತ್ರ ಓಡುತ್ತಿದ್ದ ಕಾರು

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ಯಲಹಂಕದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಆರ್.ಟಿ. ನಗರದ ಮನೆಯಿಂದ ಅಪ್ಪನ ಹಳೇ ಕಾರಿನಲ್ಲಿ ಹೋಗಿ ಬರುತ್ತಿದ್ದೆ. ಕಾರಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು, ಸ್ವಭಾವ ಮಾತ್ರ ನನಗಿಂತ ಕೆಟ್ಟದ್ದು. ಹೆಬ್ಬಾಳದ ಕೆರೆ ಏರಿ ಬಂತೆಂದರೆ ಅದಕ್ಕೆ ನಿಲ್ಲಬೇಕೆನ್ನಿಸುತ್ತಿತ್ತು. ಕಾರಣ ಒಂದೇ, ಪಾಯಿಂಟ್. ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಎಂಬ ಡಬ್ಬಿಯೊಳಗೆ ಕೂಡುತ್ತ ಬಿಡುತ್ತ ಇರುವ ಎರಡು ಲೋಹದ ಚೂರುಗಳು ಅವು. ಕರಿಗಟ್ಟಿದರೆ ಕಿಡಿಯಿಲ್ಲ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾನೆಟ್ಟಿನೊಳಗೆ ತಲೆ ತೂರಿಸಿ, ಎಮರಿ ಪೇಪರಿನಿಂದ ಅವನ್ನು ಉಜ್ಜುತ್ತಿದ್ದರೆ ನನ್ನ ವಿದ್ಯಾರ್ಥಿಗಳು ಬಸ್ಸಿನ ಕಿಟಕಿಯಿಂದ "ಗುಡ್ ಮಾರ್ನಿಂಗ್ ಮಿಸ್!" ಎಂದು ಕೂಗಿಕೊಂಡು ಮುಂದೆ ಹೋಗುತ್ತಿದ್ದರು.

ಒಂದು ಭಾನುವಾರ ರೋಸಿಹೋಗಿ ಮೆಕ್ಯಾನಿಕ್ ಭಾಯ್ ಹತ್ತಿರ ಹೋದೆ. ಅವರ ಗ್ಯಾರೇಜು ನಮ್ಮ ಹಿಂದಿನ ಗಲ್ಲಿಯಲ್ಲಿತ್ತು. ಒಂದು ತಗಡಿನ ಶೆಡ್ಡು, ಅದಕ್ಕಂಟಿದಂತೆ ಅವರ ಮನೆ, ಮುಂದೆ ಒಂದಿಷ್ಟು ಬಯಲು.

"ಭಾಯ್, ಈ ಡಿಸ್ಟ್ರಿಬ್ಯೂಟರನ್ನೇ ಕಿತ್ತಾಕ್ಬಿಡೋಣ."

"ಕಿತ್ತಾಕಿ ಏನ್ ಇಡೋದು ಮೇಡಂ?"

"ಬೆಳಕು."

ಅವರು ನನ್ನ ಮುಖವನ್ನೇ ನೋಡಿದರು. "ಬಿಸ್ಲು ಜಾಸ್ತಿ ಇದೆ. ಕೂತ್ಕೊಳ್ಳಿ, ಚಾಯ್ ಹೇಳ್ತೀನಿ."

ಚಹಾ ಕುಡಿಯುತ್ತ ವಿವರಿಸಿದೆ. ಎರಡು ತಟ್ಟೆ ಬೇಕು. ಒಂದು ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ಜೊತೆ ತಿರುಗಬೇಕು, ಇನ್ನೊಂದು ಅದರ ಅರ್ಧ ವೇಗದಲ್ಲಿ ತಿರುಗುವ ಕ್ಯಾಮಿನ ಜೊತೆ. ಎರಡರಲ್ಲೂ ಸೀಳು ಕೊರೆಯಬೇಕು. ತಟ್ಟೆಯ ಒಂದು ಕಡೆ ಪುಟ್ಟ ದೀಪ, ಇನ್ನೊಂದು ಕಡೆ ಬೆಳಕನ್ನು ಗುರುತಿಸುವ ಕಣ್ಣು. ಸೀಳು ಎದುರಿಗೆ ಬಂದಾಗ ಬೆಳಕು ಕಣ್ಣಿಗೆ ಬೀಳುತ್ತದೆ. ಕ್ರ್ಯಾಂಕಿನ ತಟ್ಟೆ 'ಈಗ ಕಿಡಿ ಕೊಡು' ಅನ್ನುತ್ತದೆ. ಕ್ಯಾಮಿನ ತಟ್ಟೆ 'ಒಂದನೆಯವನಿಂದ ಶುರುಮಾಡು' ಅನ್ನುತ್ತದೆ. ನಾಲ್ಕು ಸಿಲಿಂಡರಿಗೆ ಕಿಡಿ ಹುಟ್ಟಿಸುವ ನಾಲ್ಕು ಕಾಯಿಲ್. ಉಜ್ಜುವ ಕೆಲಸವೇ ಇಲ್ಲ.

ಭಾಯ್ ಗಡ್ಡ ಕೆರೆದುಕೊಂಡರು. "ಓಡುತ್ತೋ ಇಲ್ವೋ ಗೊತ್ತಿಲ್ಲ ಮೇಡಂ. ಆದ್ರೆ ಕೇಳೋಕ್ ಚೆನ್ನಾಗಿದೆ."

ಏಳು ತಿಂಗಳ ಭಾನುವಾರಗಳು ಹೀಗೆ ಕಳೆದವು. ದೊಡ್ಡ ತಟ್ಟೆಯನ್ನು ನಮ್ಮಮ್ಮನ ಅಲ್ಯೂಮಿನಿಯಂ ಪಾತ್ರೆಯ ಮುಚ್ಚಳದಿಂದ ಕೊರೆದೆವು. ಅಮ್ಮ ಅಷ್ಟು ದಿನವೂ ಸಾರಿನ ಪಾತ್ರೆಯ ಮೇಲೆ ಊಟದ ತಟ್ಟೆ ಮುಚ್ಚುತ್ತ, "ಕಾರಿಗೆ ಬಡಿಸಿದ್ದಾಯ್ತಾ?" ಎಂದು ಕೇಳುತ್ತಿದ್ದಳು. ಕಣ್ಣಿಗಾಗಿ ಹಳೇ ರೇಡಿಯೋಗಳಿಂದ ಗಾಜಿನ ಟ್ರಾನ್ಸಿಸ್ಟರ್ ಕಿತ್ತು, ಮೇಲಿನ ಕಪ್ಪು ಬಣ್ಣವನ್ನು ಬ್ಲೇಡಿನಿಂದ ಕೆರೆದೆ. ಹಾಗೆ ಕೆರೆದರೆ ಅವು ಬೆಳಕಿಗೆ ಎಚ್ಚರಗೊಳ್ಳುತ್ತವೆ. ಮೊದಲ ಸಲ ಚಾಲೂ ಮಾಡಿದಾಗ ಎರಡು ವೈರು ಅದಲುಬದಲಾಗಿ ಕಾರ್ಬ್ಯುರೇಟರಿನಿಂದ ಢಂ ಎಂದು ಬೆಂಕಿ ಹಾರಿತು. ಭಾಯ್ ಹುಬ್ಬು ಮುಟ್ಟಿ ನೋಡಿಕೊಂಡು, "ಇದೆ, ಇದೆ," ಅಂದರು. ವೈರು ತಿದ್ದಿದೆವು. ಸೂರ್ಯ ಮುಳುಗುವ ಹೊತ್ತಿಗೆ ಎಂಜಿನ್ ಹೊಲಿಗೆ ಯಂತ್ರದಂತೆ ನುಣ್ಣಗೆ ಓಡಿತು. ಇಬ್ಬರೂ ಕೇಳುತ್ತ ನಿಂತೆವು.

ತೊಂದರೆ ಶುರುವಾದದ್ದು ಮುಂದಿನ ಭಾನುವಾರ. ಮನೆಯಿಂದ ಚೆನ್ನಾಗಿಯೇ ಓಡಿಸಿಕೊಂಡು ಬಂದೆ. ನೋಡೋಣವೆಂದು ಭಾಯ್ ಬಾನೆಟ್ ಎತ್ತಿದ್ದೇ ತಡ, ಎಂಜಿನ್ ನಾಲ್ಕು ಸಲ ಕೆಮ್ಮಿ ಸತ್ತಿತು. ವೈರೆಲ್ಲ ಪರೀಕ್ಷಿಸಿದೆವು, ಕಾಯಿಲ್ ಬದಲಿಸಿದೆವು, ಏನೂ ಆಗಲಿಲ್ಲ. ಸಿಟ್ಟಿನಿಂದ ಬಾನೆಟ್ ಬಡಿದು ಮುಚ್ಚಿ ಕೀಲಿ ತಿರುಗಿಸಿದರೆ ಒಂದೇ ಏಟಿಗೆ ಚಾಲೂ! ಮತ್ತೆ ಎತ್ತಿದರೆ ಮತ್ತೆ ಸಾವು. ಮೂರು ಭಾನುವಾರ ಇದೇ ಕತೆ. ವಿಚಿತ್ರವೆಂದರೆ, ನಮ್ಮ ಮನೆಯ ಪೋರ್ಟಿಕೋದಲ್ಲಿ ನಾನೊಬ್ಬಳೇ ಬಾನೆಟ್ ತೆರೆದು ನೋಡಿದಾಗ ಓಡುತ್ತಿತ್ತು.

"ಅಂದ್ರೆ ನನ್ನ ಕಂಡ್ರೆ ಆಗಲ್ಲ ಇದಕ್ಕೆ," ಅಂದರು ಭಾಯ್, ನಿಜವಾಗಿಯೂ ನೊಂದುಕೊಂಡು. "ದೃಷ್ಟಿ ಆಗಿದೆ ಮೇಡಂ. ನೋಡಿದ್ರೆ ನಿಲ್ಲುತ್ತೆ, ನೋಡ್ದೇ ಇದ್ರೆ ಓಡುತ್ತೆ."

ನಾನು ವಿಜ್ಞಾನದವಳು, ದೃಷ್ಟಿ ಗಿಷ್ಟಿ ನಂಬುವವಳಲ್ಲ. ಆದರೆ ನನ್ನ ಬಳಿ ಬೇರೆ ವಿವರಣೆಯೂ ಇರಲಿಲ್ಲ.

ನಾಲ್ಕನೇ ಭಾನುವಾರ ಮಧ್ಯಾಹ್ನ, ಶೆಡ್ಡಿನ ಮುಂದಿನ ಬಯಲಿನಲ್ಲಿ ಬಾನೆಟ್ ಎತ್ತಿ ನಿಲ್ಲಿಸಿದ್ದ ಕಾರಿನ ಎಂಜಿನ್ ಒಂದೇ ಸಿಲಿಂಡರಿನಲ್ಲಿ ಡುಬ್ ಡುಬ್ ಎಂದು ಒದ್ದಾಡುತ್ತಿತ್ತು. ಅಷ್ಟರಲ್ಲಿ ಭಾಯ್ ಹೆಂಡತಿ, ನಾನು ಭಾಬಿ ಅನ್ನುತ್ತಿದ್ದವರು, ಒದ್ದೆ ಬೆಡ್‌ಶೀಟ್ ತಂದು ನಮ್ಮ ತಲೆಯ ಮೇಲಿದ್ದ ಹಗ್ಗಕ್ಕೆ ಹರವಿದರು. ಎಂಜಿನ್ ತಟ್ಟನೆ ನಾಲ್ಕೂ ಸಿಲಿಂಡರಿನಲ್ಲಿ ಹಾಡತೊಡಗಿತು.

"ಅರೆ!" ಅಂದರು ಭಾಯ್.

"ನಿಮ್ಗೆ ಅಡ್ಡ ಆಯ್ತಾ?" ಎಂದು ಭಾಬಿ ಬೆಡ್‌ಶೀಟ್ ಎಳೆದುಕೊಂಡರು. ಡುಬ್ ಡುಬ್, ಢಬ್, ನಿಂತೇಹೋಯಿತು.

"ಹಾಕಿ ಭಾಬಿ, ಹಾಕಿ!" ನಾನು ಕಿರುಚಿದೆ. ಮತ್ತೆ ಹರವಿದರು, ನಾನು ಕೀಲಿ ತಿರುಗಿಸಿದೆ. ಓಡಿತು.

ಆಗ ನನಗೆ ಹೊಳೆದು ಕಿವಿಯವರೆಗೂ ಬಿಸಿಯಾಯಿತು. ಬಾನೆಟ್ ಎತ್ತಿದರೆ ಸೂರ್ಯ ನೇರವಾಗಿ ಕ್ಯಾಮಿನ ಕಣ್ಣಿಗೇ ಬೀಳುತ್ತಿದ್ದ. ಸದಾ ಬೆಳಕಿದ್ದರೆ ಅದು ಸದಾ 'ಒಂದನೆಯವನಿಂದ ಶುರುಮಾಡು' ಅನ್ನುತ್ತಲೇ ಇರುತ್ತದೆ. ತರಗತಿಯಲ್ಲಿ ಯಾರ ಹೆಸರು ಕರೆದರೂ ಒಬ್ಬನೇ "ಎಸ್ ಮಿಸ್" ಅಂದ ಹಾಗೆ, ಕಿಡಿಯೆಲ್ಲ ಒಂದೇ ಸಿಲಿಂಡರಿಗೆ. ಪೋರ್ಟಿಕೋದಲ್ಲಿ ನೆರಳಿತ್ತು, ಆ ಮೊದಲ ದಿನ ಸಂಜೆಯಾಗಿತ್ತು.

ವಿವರಿಸಿದೆ. ಭಾಯ್ ಗಂಭೀರವಾಗಿ ಕೇಳಿ, ಕೈ ಒರೆಸಿಕೊಂಡರು.

"ಮೇಡಂ, ನಿಮ್ ಕಾಲೇಜಲ್ಲಿ ಬೆಳಕಿನ ಪಾಠ ಯಾರ್ ಮಾಡೋದು?"

"ನಾನೇ."

ಅವರು ಶೆಡ್ಡಿನೊಳಗೆ ಹೋಗಿ ನಗು ಮುಗಿಸಿಕೊಂಡು ಬಂದರು. ಬರುವಾಗ ಬೂಟ್ ಪಾಲಿಶ್ ಡಬ್ಬಿಯೊಂದನ್ನು ತಂದು ಕಣ್ಣು, ದೀಪ ಎರಡನ್ನೂ ಸೇರಿಸಿ ಮುಚ್ಚುವಂತೆ ಕವುಚಿ ಬಿಗಿದರು. ಆಮೇಲೆ ಎರಡೂವರೆ ವರ್ಷ ಆ ಕಾರು ಹೆಬ್ಬಾಳದಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ಅದನ್ನು ರಿಪೇರಿ ಮಾಡಿದ್ದು ತಾನೇ ಎಂದು ಭಾಬಿ ಗಲ್ಲಿಯಲ್ಲೆಲ್ಲ ಹೇಳಿಕೊಂಡರು. ಅದು ನಿಜವೂ ಆಗಿತ್ತು.

ಕೊನೆಗೆ ಕಾರನ್ನು ಬಾಗಲೂರಿನ ರೈತರೊಬ್ಬರಿಗೆ ಮಾರಿದೆ. ಅವರು ಓಡಿಸಿ ಮೆಚ್ಚಿ, ಬಾನೆಟ್ ಎತ್ತಿ ಬೆಚ್ಚಿದರು.

"ಮೇಡಮ್ಮೋರೆ, ಓಟ ಚೆನ್ನಾಗೈತೆ. ಆದ್ರೆ ಇದ್ಯಾಕ್ ಇಂಗೈತೆ? ನಮ್ಮೂರಾಗೆ ಕೆಟ್ರೆ ಯಾರ್ ನೋಡ್ತಾರೆ? ಹಳೇದ್ನೇ ಹಾಕ್ಸಿ ಕೊಡಿ."

ಏಳು ತಿಂಗಳ ಕೆಲಸವನ್ನು ಭಾಯ್ ಒಂದೂವರೆ ಗಂಟೆಯಲ್ಲಿ ಬಿಚ್ಚಿ, ಡಿಸ್ಟ್ರಿಬ್ಯೂಟರ್ ಕೂರಿಸಿದರು. ನನಗಿಂತ ಅವರಿಗೇ ಹೆಚ್ಚು ಬೇಸರವಾಗಿತ್ತು. ಕಾರು ಗಲ್ಲಿ ತಿರುಗಿ ಮರೆಯಾಗುವವರೆಗೆ ತಲೆ ವಾಲಿಸಿ ನಿಂತಿದ್ದರು.

"ಮೂರನೇ ಸಿಲಿಂಡರ್ ಕಿಡಿ ಸ್ವಲ್ಪ ಮಿಸ್ ಹೊಡೀತಿದೆ," ಅಂದರು, ಒಂದಿಷ್ಟು ಸಮಾಧಾನದಿಂದಲೇ.