ಸುಭೇದಾರ ಕಾಕಾರ ಪಾದ ತಪಾಸಣೆ

ಎಡಗಾಲಿಗೆ ಎರಡೇ ಬೆರಳು. ಉಳಿದ ಮೂರು ಗಡಿಯ ಹಿಮದಲ್ಲಿ ಕಪ್ಪಾಗಿ, ಅಲ್ಲಿಯ ಸೈನ್ಯದ ಆಸ್ಪತ್ರೆಯಲ್ಲಿ ಕತ್ತರಿಸಿ ಹೋಗಿದ್ದವು. ಪ್ರತಿ ಶನಿವಾರ ಪುಣೆಯ ಸದಾಶಿವ ಪೇಠದಲ್ಲಿ, ವಠಾರದಂಥ ನಮ್ಮ ವಾಡೆಯ ಕಟ್ಟೆಯ ಮೇಲೆ ಆ ಕಾಲನ್ನು ಬಿಸಿಲಿಗೆ ಚಾಚಿ, ನೆರೆಮನೆಯ ಸುಭೇದಾರ ಕಾಕಾ ಉಗುರು ತೆಗೆದುಕೊಳ್ಳುತ್ತಿದ್ದರು. ಮರುದಿನ, ಭಾನುವಾರ, ನಾಲ್ಕು ಜನರನ್ನು ಕಟ್ಟಿಕೊಂಡು ಗುಡ್ಡ ಹತ್ತಬೇಕಲ್ಲ, ಅದಕ್ಕೆ.

ಬೈಲಹೊಂಗಲ ಕಡೆಯವರು. ಪಿಂಚಣಿ ಬಂದ ಮೇಲೂ ಪುಣೆಯಲ್ಲಿ ಉಳಿದದ್ದು ಸುತ್ತಲಿನ ಗುಡ್ಡಗಳಿಗಾಗಿ. ತೊಗಟೆ ಮುಟ್ಟಿ ಗಿಡದ ಹೆಸರು ಹೇಳುವರು. ವರ್ಷಕ್ಕೊಮ್ಮೆ ಒಬ್ಬರೇ ಹಿಮಾಲಯಕ್ಕೆ ಹೋಗುವರು. ಯಾಕೆಂದು ಕೇಳಿದರೆ, “ನನ್ನ ಮೂರು ಬೆರಳು ಅಲ್ಲೇ ಉಳದಾವ. ಮಾತಾಡಿಸ್ಕೊಂಡು ಬರಬೇಕಲ್ಲ?” ಎನ್ನುವರು.

ತೊಂಬತ್ತರ ದಶಕದ ನಡುವೆ ನನ್ನ ಗಂಡ ತೀರಿಕೊಂಡರು. ನನಗಾಗ ಮೂವತ್ತೊಂದು. ವರ್ಷ ತುಂಬುವವರೆಗೆ ಹೊಸ್ತಿಲು ದಾಟಕೂಡದು, ಆಫೀಸಿಗೂ ಹೋಗಕೂಡದು ಎಂದರು ಅತ್ತೆ. ನಾನೂ ಕೋಲೆಬಸವನ ಹಾಗೆ ತಲೆಯಾಡಿಸಿದೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಒಂದು ಶನಿವಾರ ಕಾಕಾ ನಮ್ಮ ಬಾಗಿಲಿಗೆ ಬಂದು ಅತ್ತೆಗೆ ಹೇಳಿದರು.

“ಅಕ್ಕಾರ, ನಾಳೆ ಸೊಸಿನ್ನ ಕಳಸ್ರಿ. ಸಿಂಹಗಡಕ್ಕ ಹೊಂಟೀವಿ.”

“ಮಗ ಹೋಗಿ ಎರಡು ತಿಂಗಳಾಗಿಲ್ಲ. ಮಂದಿ ಏನಂದಾರು?”

“ಮಂದಿ ಭಾಳ ದೂರ ನಡಿಯೂದಿಲ್ರಿ. ಅರ್ಧ ಗುಡ್ಡಕ್ಕ ಹಿಂದ ಉಳೀತಾರ.”

ಅತ್ತೆ ಬಾಗಿಲು ಹಾಕಿಕೊಂಡರು. ಮರುದಿನ ಬೆಳಿಗ್ಗೆ ಆ ಬಾಗಿಲು ತೆಗೆದವಳು ನಾನು. ಗಂಡನ ಕ್ಯಾನ್ವಾಸ್ ಬೂಟು ಹಾಕಿಕೊಂಡು ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಹೋದೆ.

ಹೊರಡುವ ಮೊದಲು ಎಲ್ಲರೂ ಬೂಟು ಕಳಚಿ ಕಾಕಾರಿಗೆ ಪಾದ ತೋರಿಸಬೇಕು. ಅದು ಅವರ ಸೈನ್ಯದ ರೂಢಿ. ಅಲ್ಲಿಯ ಬೆಂಚಿನ ಮೇಲೆ ಪಿಂಚಣಿದಾರರು, ಗುಮಾಸ್ತರು ಸಾಲಾಗಿ ಕಾಲು ಚಾಚಿದ್ದರು. ನಾನು ಮಾತ್ರ ಸೀರೆಯಲ್ಲಿ ಮುಚ್ಚಿಕೊಂಡೆ. ಕಾಲುಂಗುರ ತೆಗೆದ ಬೆರಳುಗಳ ಮೇಲೆ ಬಿಳಿ ಗೆರೆ ಇನ್ನೂ ಮಾಸಿರಲಿಲ್ಲ. ಕಾಕಾ ಮಂಡಿಯೂರಿ ಕುಳಿತು, ನಾನು ಕಾಲು ಚಾಚುವವರೆಗೆ ಕಾದು, ನೋಡಿದರು. ಅಯ್ಯೋ ಪಾಪ ಎನ್ನಲಿಲ್ಲ. “ಇಲ್ಲಿ ಚರ್ಮ ಮೆತ್ತಗದ, ಬೂಟು ಕಚ್ಚತದ,” ಎಂದು ಆ ಗೆರೆಗಳ ಮೇಲೆ ಪಟ್ಟಿ ಸುತ್ತಿದರು.

ಅರ್ಧ ಗುಡ್ಡದಲ್ಲಿ ಕುಸಿದು ಕುಳಿತು ಅತ್ತುಬಿಟ್ಟೆ. ಕಾಕಾ ನನಗೆ ಬೆನ್ನು ಹಾಕಿ ಕುಳಿತು ಹದ್ದು ನೋಡುತ್ತಿದ್ದರು. “ಅಳೂದು ಮುಗೀತೇನವಾ? ಮುಗೀದಿದ್ರ ಅವಸರಿಲ್ಲ. ಕಡೀ ಬಸ್ಸು ಐದಕ್ಕ ಅದ.”

ಎಂಥಾ ಮನುಷ್ಯ ಎಂದು ಮೈಯುರಿಯಿತು. ಆ ಸಿಟ್ಟಿನಲ್ಲೇ ಎದ್ದು ತುದಿ ಮುಟ್ಟಿದೆ. ಸೋಮವಾರ ಆಫೀಸಿಗೂ ಹೋದೆ. ಅತ್ತೆ ಮೂರು ವಾರ ಮಾತು ಬಿಟ್ಟರು. ಬಿಡಲಿ ಎಂದುಕೊಂಡೆ, ನಾನು ಭಾನುವಾರ ಬಿಡಲಿಲ್ಲ. ಹತ್ತು ವರ್ಷಕ್ಕೂ ಮಿಕ್ಕಿ ಕಾಕಾರ ಹಿಂದೆ ನಡೆದೆ. ನನ್ನ ಕಾಲು ನನ್ನದೇ ಎಂದು ತಿಳಿಸಿಕೊಟ್ಟವರು ಅವರು.

ಕಾಕಾರಿಗೆ ಎದೆನೋವು ಬಂದಾಗ ಡಾಕ್ಟರು ಇನ್ನು ಗುಡ್ಡ ಬೇಡ ಎಂದರು. “ಗುಡ್ಡ ಹಂಗಂದಿಲ್ಲಲ್ಲ,” ಎಂದು ಮತ್ತೆರಡು ಮಳೆಗಾಲ ಹತ್ತಿದರು. ಆಮೇಲೊಂದು ಮಧ್ಯಾಹ್ನ, ಕುರ್ಚಿಯಲ್ಲಿ ಕುಳಿತಲ್ಲೇ ಹೋದರು.

ಮಕ್ಕಳಿರಲಿಲ್ಲ. ಊರಿಂದ ಅಣ್ಣನ ಮಗ ಬಂದ. ಗಂಡಸರು ಚಟ್ಟ ಎತ್ತಿದಾಗ ನಾನೂ ಹೊರಟೆ. ಅವನು ಅಡ್ಡ ನಿಂತ.

“ಹೆಣ್ಮಕ್ಕಳು ಸ್ಮಶಾನಕ್ಕ ಬರೂ ಪದ್ಧತಿ ಇಲ್ರಿ ನಮ್ಮಲ್ಲಿ.”

“ಪದ್ಧತಿ ನಿಮ್ಮ ಹತ್ರ ಇರ್ಲಿ. ನಾ ಕಾಕಾರ ಜೋಡಿ ನಡದಾಕಿ,” ಎಂದೆ.

ಅವನು ಸರಿಯಲಿಲ್ಲ. ಆಗ ನನ್ನ ಹಿಂದಿನಿಂದ ಅತ್ತೆ ಬಂದರು. ಎಪ್ಪತ್ತು ದಾಟಿತ್ತು, ಮಂಡಿ ಹಿಡಿದಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, “ಬಾಜೂಕ ಸರಿ ತಮ್ಮಾ. ಅಕಿನ್ನ ನಾ ಒಮ್ಮೆ ತಡದಿದ್ದೆ. ತಪ್ಪಾತು. ಈಗ ನಾನೂ ಬರ್ತೀನಿ,” ಎಂದರು.

ಅವನು ಸರಿದ. ಅತ್ತೆ ನನ್ನ ಹೆಗಲು ಹಿಡಿದರು. ನದಿದಂಡೆಯ ಸ್ಮಶಾನದವರೆಗೆ ಇಬ್ಬರೂ ಎಲ್ಲೂ ಕೂರದೆ ನಡೆದೆವು.